ಚದುರಿದ ಕಡತಗಳನ್ನು ಬೆಸೆದ ಎಡ್ಗರ್ ಕಾಡ್

ಬ್ಯಾಂಕೊಂದರಲ್ಲಿ ಗ್ರಾಹಕರ ಹೆಸರು, ವಿಳಾಸ ಒಂದೆಡೆ ಇರುತ್ತದೆ. ಅವರ ಸಾಲದ ಲೆಕ್ಕ ಇನ್ನೊಂದೆಡೆ. ಯಾವ ಊರಿನವರ ಸಾಲ ಎಷ್ಟು ಬಾಕಿಯಿದೆ ಎಂದು ಕೇಳಿದರೆ ಗಣಕಯಂತ್ರ ಎರಡನ್ನೂ ಹೊಂದಿಸಿ ಕ್ಷಣಾರ್ಧದಲ್ಲಿ ಉತ್ತರಿಸುತ್ತದೆ. 1960ರ ದಶಕದಲ್ಲಿ ಇಂತಹ ಪ್ರತಿ ಹೊಸ ಪ್ರಶ್ನೆಗೂ ಪ್ರೋಗ್ರಾಮರ್ ಹೊಸದಾಗಿ ಪ್ರೋಗ್ರಾಂ ಬರೆಯಬೇಕಾಗಿತ್ತು. ಆ ತೊಡಕನ್ನು ಬಿಡಿಸಿದವರು ಎಡ್ಗರ್ ಫ್ರಾಂಕ್ ಕಾಡ್.

1923ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪೋರ್ಟ್‌ಲೆಂಡ್ ದ್ವೀಪದಲ್ಲಿ ಜನಿಸಿದ ಕಾಡ್ ಅವರ ತಂದೆ ಚರ್ಮೋದ್ಯಮಿ, ತಾಯಿ ಶಾಲಾ ಶಿಕ್ಷಕಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿದ ಅವರು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನ ಚಾಲಕರಾಗಿದ್ದರು. 1948ರಲ್ಲಿ ಅಮೆರಿಕಕ್ಕೆ ತೆರಳಿ, ಮರುವರ್ಷ ಐಬಿಎಂ ಸೇರಿದರು. ಸೆನೆಟರ್ ಮೆಕಾರ್ಥಿಯ ಕಮ್ಯುನಿಸ್ಟ್ ಬೇಟೆಯಿಂದ ರೋಸಿ 1953ರಲ್ಲಿ ಕೆನಡಾಕ್ಕೆ ಹೋದವರು, 1957ರಲ್ಲಿ ಮರಳಿದರು. ಡಾಕ್ಟರೇಟ್ ಪಡೆದದ್ದು ನಲವತ್ತು ದಾಟಿದ ಮೇಲೆ, 1965ರಲ್ಲಿ.

ಆಗಿನ ದತ್ತಸಂಚಯಗಳಲ್ಲಿ ಮಾಹಿತಿ ಮರದ ಕೊಂಬೆಗಳಂತೆ ಕವಲೊಡೆದಿರುತ್ತಿತ್ತು. ಯಾವ ಕೊಂಬೆ ಹಿಡಿದು ಎಲ್ಲಿಗಿಳಿಯಬೇಕೆಂಬ ದಾರಿ ತಿಳಿದವನಿಗಷ್ಟೇ ಉತ್ತರ ದೊರೆಯುತ್ತಿತ್ತು. ಸಂಗ್ರಹದ ವಿನ್ಯಾಸ ಬದಲಾದರೆ ಪ್ರೋಗ್ರಾಂಗಳೂ ಕೆಡುತ್ತಿದ್ದವು. ಸ್ಯಾನ್ ಹೋಸೆಯ ಪ್ರಯೋಗಾಲಯದಲ್ಲಿದ್ದ ಕಾಡ್, ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿಟ್ಟು, ಸಮಾನ ಮೌಲ್ಯಗಳಿಂದಲೇ ಅವುಗಳನ್ನು ಜೋಡಿಸಬಹುದೆಂದು ಗಣದ ಗಣಿತದಿಂದ ತೋರಿಸಿದರು. ಕೇಳುವವನು ಏನು ಬೇಕೆಂದು ಹೇಳಿದರೆ ಸಾಕು. ಹುಡುಕುವ ದಾರಿ ಯಂತ್ರದ ಹೊಣೆ. 1969ರಲ್ಲಿ ಸಂಸ್ಥೆಯ ಒಳವರದಿಯಾಗಿದ್ದ ಈ ವಿಚಾರ 1970ರ ಜೂನ್‌ನಲ್ಲಿ ಜಗತ್ತಿನ ಮುಂದೆ ಬಂತು.

ಮಾಲೀಕರಿಗೆ ಅದು ಹಿಡಿಸಲಿಲ್ಲ. ಹಳೆಯ ಮಾದರಿಯ ಐಎಂಎಸ್ ಸಂಸ್ಥೆಗೆ ಹಣ ತರುತ್ತಿತ್ತು. ತನ್ನದೇ ಸರಕಿಗೆ ಪ್ರತಿಸ್ಪರ್ಧಿಯನ್ನು ಯಾರು ತಾನೇ ಸಾಕುತ್ತಾರೆ? ಕೊನೆಗೆ ಪ್ರಯೋಗ ಆರಂಭವಾದಾಗಲೂ ಕಾಡ್ ರೂಪಿಸಿದ್ದ ಆಲ್ಫಾ ಭಾಷೆಯನ್ನು ಬದಿಗಿಡಲಾಯಿತು. ಸಹೋದ್ಯೋಗಿಗಳಾದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದ ಸೀಕ್ವೆಲ್ ಮುಂದೆ ಎಸ್‌ಕ್ಯುಎಲ್ ಆಯಿತು. ಐಬಿಎಂ ಪ್ರಬಂಧಗಳನ್ನೇ ಓದಿಕೊಂಡ ಲ್ಯಾರಿ ಎಲಿಸನ್ ಅವರ ಕಂಪೆನಿ 1979ರಲ್ಲಿ ಒರಾಕಲ್ ಅನ್ನು ಮಾರುಕಟ್ಟೆಗೆ ತಂದಿತು. ಐಬಿಎಂ ಎಚ್ಚೆತ್ತು ತನ್ನದನ್ನು ತಂದದ್ದು 1981ರಲ್ಲಿ. ಅದೇ ವರ್ಷ ಕಾಡ್ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಗೆದ್ದ ಭಾಷೆಯ ಬಗ್ಗೆ ಅವರಿಗೆ ಅಸಮಾಧಾನವಿತ್ತು. ಒಂದೇ ಸಾಲು ಎರಡು ಸಲ ಬರಲು ಎಸ್‌ಕ್ಯುಎಲ್ ಬಿಡುತ್ತದೆ. ಗಣದ ನಿಯಮಕ್ಕೆ ಅದು ವಿರುದ್ಧ. 1984ರಲ್ಲಿ ಐಬಿಎಂ ತೊರೆದ ಅವರು ಮರುವರ್ಷ, ಹೆಸರಿಗಷ್ಟೇ ರಿಲೇಷನಲ್ ಆಗಿದ್ದ ತಂತ್ರಾಂಶಗಳನ್ನು ಅಳೆಯಲು 12 ಸೂತ್ರಗಳನ್ನು ಪ್ರಕಟಿಸಿದರು. ಹನ್ನೊಂದನೆಯದು ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು: ದತ್ತಾಂಶ ಒಂದೆಡೆ ಇರಲಿ, ಹಲವೆಡೆ ಹಂಚಿಹೋಗಿರಲಿ, ಕೇಳುವವನ ಪ್ರಶ್ನೆ ಬದಲಾಗಕೂಡದು.

ಇಂದು ಮೊಬೈಲ್ ಫೋನುಗಳಲ್ಲಿ ಮನೆಮಾಡಿರುವ ಎಸ್‌ಕ್ಯುಎಲೈಟ್‌ನಲ್ಲಿ ಅಟ್ಯಾಚ್ ಎಂಬ ಆದೇಶವಿದೆ. ಅದರಿಂದ ಇನ್ನೊಂದು ದತ್ತಸಂಚಯದ ಕಡತವನ್ನು ಸೇರಿಸಿಕೊಂಡು, ಎರಡರ ಕೋಷ್ಟಕಗಳನ್ನೂ ಒಂದೇ ಪ್ರಶ್ನೆಯಲ್ಲಿ ಜೋಡಿಸಬಹುದು. ಆದರೆ ಯಾವ ಕಡತ ಸೇರಿಸಬೇಕೆಂದು ಬಳಸುವವರೇ ತಿಳಿದಿರಬೇಕು. ಎರಡರಲ್ಲೂ ಒಂದೇ ಹೆಸರಿನ ಕೋಷ್ಟಕವಿದ್ದರೆ ಯಾವುದರದ್ದೆಂದು ಬಿಡಿಸಿ ಹೇಳಬೇಕು. ಕಾಡ್ ಬಯಸಿದ್ದು ಅಷ್ಟನ್ನೂ ಯಂತ್ರವೇ ಅರಿತಿರಬೇಕೆಂದು.

ಹೃದಯ ವೈಫಲ್ಯದಿಂದ ಅವರು ಫ್ಲಾರಿಡಾದ ವಿಲಿಯಮ್ಸ್ ಐಲೆಂಡ್‌ನಲ್ಲಿ 2003ರ ಏಪ್ರಿಲ್ 18ರಂದು ತೀರಿಕೊಂಡರು. ಆಗ ಅವರಿಗೆ 79 ವರ್ಷ.