ನೀರೊಳಗೆ ಕಿವಿಯಿಟ್ಟ ಲಾಂಜೆವಿನ್

ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ನಮಗೆ ಸಮುದ್ರ ದೂರ; ಗೊತ್ತಿರೋದು ಕೃಷ್ಣಾ, ತುಂಗಭದ್ರಾ ಅಷ್ಟೇ. ಆದರೂ ಲ್ಯಾಬ್‌ನಲ್ಲಿ ಪೀಜೋ ಡಿಸ್ಕ್ ತಟ್ಟಿ ಸ್ಕೋಪಿನಲ್ಲಿ ಅಲೆ ನೋಡುವಾಗ ಪಾಲ್ ಲಾಂಜೆವಿನ್ ನೆನಪಾಗ್ತಾರೆ.

1872ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಅವರು ಪಿಯರ್ ಕ್ಯೂರಿಯ ಶಿಷ್ಯರು. ಸ್ಫಟಿಕ ಒತ್ತಿದರೆ ವಿದ್ಯುತ್ ಬರುತ್ತೆ ಅಂತ 1880ರಲ್ಲಿ ತೋರಿಸಿದ್ದು ಕ್ಯೂರಿ ಸಹೋದರರೇ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹಡಗು ಮುಳುಗಿಸುತ್ತಿದ್ದಾಗ, 1917ರಲ್ಲಿ ಲಾಂಜೆವಿನ್ ಕ್ವಾರ್ಟ್ಸ್ ತುಂಡನ್ನೇ ನೀರೊಳಗಿನ ಕಿವಿ ಮಾಡಿದರು. ಆದರೆ ಪ್ರತಿಧ್ವನಿಯಿಂದ ಹುಟ್ಟೋ ವೋಲ್ಟೇಜ್ ತೀರಾ ಸಣ್ಣದು. ಕ್ವಾರ್ಟ್ಸ್ ಅಂದ್ರೆ ಪುಟ್ಟ ಕೆಪಾಸಿಟರ್ ಇದ್ದಂಗೆ. ಕಡಿಮೆ ಇಂಪೀಡೆನ್ಸಿನ ಸರ್ಕ್ಯೂಟ್ ಜೋಡಿಸಿದರೆ ಸಿಗ್ನಲ್ ಅಲ್ಲೇ ಕುಸಿಯುತ್ತೆ. ಆಗಿನ ಹೊಸ ವಾಲ್ವ್ ಆಂಪ್ಲಿಫೈಯರ್ ಕೈಹಿಡಿಯಿತು. 1918ರಲ್ಲಿ ಜಲಾಂತರ್ಗಾಮಿಯ ಪ್ರತಿಧ್ವನಿ ಕೇಳಿಸಿತು (ಅಷ್ಟರಲ್ಲಿ ಯುದ್ಧವೇ ಮುಗೀತಾ ಬಂದಿತ್ತು). ಇಂದಿನ ಹೈಡ್ರೋಫೋನ್ ಸಾಲುಗಳಲ್ಲಿ ಸಂವೇದಕದ ಪಕ್ಕದಲ್ಲೇ ಪ್ರಿಆಂಪ್ ಕೂರಿಸೋದೂ ಇದೇ ಕಾರಣಕ್ಕೆ.

1940ರಲ್ಲಿ ನಾಜಿಗಳು ಅವರನ್ನು ಬಂಧಿಸಿದರು. ಅಳಿಯ ಜಾಕ್ ಸೊಲೊಮನ್ ಅವರನ್ನು 1942ರಲ್ಲಿ ಗುಂಡಿಟ್ಟು ಕೊಂದರು; ಮಗಳು ಹೆಲೆನ್ ಆಶ್ವಿಟ್ಜ್ ಶಿಬಿರಕ್ಕೆ ಹೋಗಿ ಬದುಕಿ ಬಂದರು. 1944ರಲ್ಲಿ ಸ್ವಿಟ್ಜರ್ಲೆಂಡಿಗೆ ತಪ್ಪಿಸಿಕೊಂಡಿದ್ದ ಲಾಂಜೆವಿನ್, ಪ್ಯಾರಿಸ್‌ಗೆ ಮರಳಿ 1946ರಲ್ಲಿ ತೀರಿಕೊಂಡರು.