ವಿದ್ಯಾರ್ಥಿನಿಲಯವನ್ನು ಬಿಡದ ಹಳೆಯ ವಿದ್ಯಾರ್ಥಿ

ಪದವಿ ಕೈಗೆ ಬಂದ ದಿನವೇ ಕಾಲೇಜಿನ ಋಣ ತೀರಿತೆಂದು ಭಾವಿಸುವವರು ನಮ್ಮಲ್ಲಿ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಸಂಘದ ಸಭೆಗೆ ವರ್ಷಕ್ಕೊಮ್ಮೆ ಬಂದು, ಗೆಳೆಯರ ಬೆನ್ನು ತಟ್ಟಿ, ಕಾಫಿ ಕುಡಿದು ಹೋದರೆ ಅದೇ ದೊಡ್ಡ ಮಾತು. ಇಂತಹ ಲೋಕದಲ್ಲಿ, ತಮ್ಮನ್ನು ಓದಿಸಿದ ಸಂಸ್ಥೆಯನ್ನೇ ಮನೆಯಾಗಿ, ಅಲ್ಲಿಯ ವಿದ್ಯಾರ್ಥಿಗಳನ್ನೇ ಬಂಧುಗಳಾಗಿ ಮಾಡಿಕೊಂಡು, ಮುಪ್ಪಿನವರೆಗೂ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಬಾಳಿದ ಮಹನೀಯರೊಬ್ಬರಿದ್ದರು. ಅವರೇ ಡಾ. ಎಚ್. ನರಸಿಂಹಯ್ಯನವರು. ಬಸವನಗುಡಿ, ಜಯನಗರಗಳ ಜನರ ಬಾಯಲ್ಲಿ ಅವರು ಬರಿಯ ಎಚ್ಚೆನ್.

ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದು, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಅವರು ಜನಿಸಿದರು. ಮನೆಯಲ್ಲಿ ಬಡತನ. ಹುಡುಗನಲ್ಲಿ ಓದುವ ಹಂಬಲ. ಊರಿನ ಸುತ್ತಮುತ್ತ ದೊರೆಯುವಷ್ಟು ಓದು ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆ ಎದುರಾಯಿತು. ಆಗ ಬೆಂಗಳೂರಿನಲ್ಲಿದ್ದ ಅವರ ಗುರುಗಳೊಬ್ಬರು ಅಲ್ಲಿಗೆ ಬರುವಂತೆ ಕರೆ ಕಳುಹಿಸಿದರು. ರೈಲಿಗೆ ಕೊಡಲು ಕಾಸಿಲ್ಲ. 1935ರಲ್ಲಿ ಆ ಹದಿನೈದರ ಬಾಲಕ ಸುಮಾರು 50 ಮೈಲಿಗಳ ಹಾದಿಯನ್ನು ಕಾಲ್ನಡಿಗೆಯಲ್ಲಿಯೇ ಸವೆಸಿ ಬೆಂಗಳೂರನ್ನು ಮುಟ್ಟಿದನು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಅವನನ್ನು ಸೇರಿಸಿಕೊಂಡಿತು.

ಆ ಶಾಲೆಯೂ ಸಾಮಾನ್ಯವಾದುದಲ್ಲ. ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ 1917ರಲ್ಲಿ ಹುಟ್ಟಿದ ಸಂಸ್ಥೆ ಅದು. 1936ರಲ್ಲಿ ಗಾಂಧೀಜಿಯವರು ಶಾಲೆಗೆ ಬಂದಾಗ, ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ತಿಳಿಯಹೇಳುವ ಕೆಲಸ ಹೊಸೂರಿನಿಂದ ನಡೆದು ಬಂದ ಈ ಹುಡುಗನ ಪಾಲಿಗೆ ಬಂದಿತು. ಹಿಂದಿನ ವರ್ಷ ತಾನೇ ಊರು ಬಿಟ್ಟು ಬಂದವನನ್ನು ಅಷ್ಟು ದೊಡ್ಡ ಸಭೆಯ ಮುಂದೆ ನಿಲ್ಲಿಸಿದ ಅಧ್ಯಾಪಕರ ಧೈರ್ಯವನ್ನೂ ನಾವು ನೆನೆಯಬೇಕು. ಅಂದು ಹತ್ತಿದ ಖಾದಿಯ ನಂಟು ಅವರ ಮೈಯಿಂದ ಮತ್ತೆಂದೂ ಬಿಟ್ಟುಹೋಗಲಿಲ್ಲ.

ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ವ್ಯಾಸಂಗ ಮಾಡುತ್ತಿರುವಾಗ 1942ರ ಚಳವಳಿ ಬಂದಿತು. ಓದನ್ನು ನಡುವೆಯೇ ನಿಲ್ಲಿಸಿ ಸೆರೆಮನೆಗೆ ಹೋದರು. ಮನೆಯವರ ಆಸೆಯನ್ನೆಲ್ಲ ಹೊತ್ತು ಬಂದ ಬಡ ಹುಡುಗನಿಗೆ ಓದು ನಿಲ್ಲಿಸುವುದೆಂದರೆ ಏನೆಂಬುದು ನಮ್ಮಂಥವರಿಗೆ ಚೆನ್ನಾಗಿ ತಿಳಿದಿದೆ. ಬಿಡುಗಡೆಯಾಗಿ ಬಂದು ಪುನಃ ಪುಸ್ತಕ ಹಿಡಿದರು, ಎಂ.ಎಸ್‌ಸಿ. ಮುಗಿಸಿದರು. ಅಷ್ಟರಲ್ಲಿ, ಅಂದರೆ 1945ರಲ್ಲಿ, ಅವರ ಹಳೆಯ ಶಾಲೆಯ ಸಂಸ್ಥೆಯೇ ನ್ಯಾಷನಲ್ ಕಾಲೇಜನ್ನು ತೆರೆದಿತ್ತು. 1946ರಲ್ಲಿ ನರಸಿಂಹಯ್ಯನವರು ಅಲ್ಲಿ ಅಧ್ಯಾಪಕರಾಗಿ ಸೇರಿದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೇ ಅವರ ಮನೆಯಾಯಿತು.

ನಡುವೆ ಅವರು ಅಮೆರಿಕಕ್ಕೆ ಹೋಗಿ, ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ, 1960ರಲ್ಲಿ ಡಾಕ್ಟರೇಟು ಪಡೆದರು. ಆ ದೇಶದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ವಿದ್ಯಾರ್ಥಿ ಸೋದರಕೂಟಗಳುಂಟು. ಅವುಗಳಲ್ಲಿ ಮೊದಲನೆಯದಾದ ಫೈ ಬೀಟಾ ಕಪ್ಪಾ ವರ್ಜೀನಿಯಾದಲ್ಲಿ 1776ರಷ್ಟು ಹಿಂದೆಯೇ ಹುಟ್ಟಿತು. ಇಂತಹ ಕೂಟಗಳಿಗೆ ಆರಿಸಿಕೊಂಡವರಿಗಷ್ಟೇ ಪ್ರವೇಶ. ಒಮ್ಮೆ ಸೇರಿದವನು ಬಾಳಿನುದ್ದಕ್ಕೂ ಸದಸ್ಯ. ನಮ್ಮ ಹಾಸ್ಟೆಲುಗಳಿಗೆ ಅಂತಹ ಲಾಂಛನವಾಗಲಿ, ಪ್ರತಿಜ್ಞೆಯಾಗಲಿ ಇಲ್ಲ. ಬೇರೆ ಬೇರೆ ಊರುಗಳಿಂದ, ಜಾತಿಗಳಿಂದ ಬಂದವರು ಒಂದೇ ಪಂಕ್ತಿಯಲ್ಲಿ ಕುಳಿತು ಒಂದೇ ಸಾರು ಉಣ್ಣುವುದೇ ನಮ್ಮ ಸೋದರತ್ವ. ಆದರೆ ಊಟದ ಎಲೆ ಎತ್ತಿದ ಮೇಲೆ ಆ ಸೋದರತ್ವ ಎಷ್ಟು ದಿನ ಉಳಿಯುತ್ತದೆ ಎಂಬುದೇ ಪ್ರಶ್ನೆ. ನರಸಿಂಹಯ್ಯನವರು ಇದಕ್ಕೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟರು. ದೊಡ್ಡ ಪದವಿ ಪಡೆದು ಹಿಂದಿರುಗಿದವರು ನೇರವಾಗಿ ಬಂದುದು ಬಸವನಗುಡಿಗೆ.

1961ರಲ್ಲಿ ಅವರು ಕಾಲೇಜಿನ ಪ್ರಿನ್ಸಿಪಾಲರಾದರು. ಮರುವರ್ಷ ಬೆಂಗಳೂರು ಸೈನ್ಸ್ ಫೋರಂ ಆರಂಭವಾಯಿತು. ಪ್ರತಿ ಬುಧವಾರ ಸಂಜೆ ವಿಜ್ಞಾನಿಗಳು ಬಂದು ಉಪನ್ಯಾಸ ಕೊಡುವರು. ಟಿಕೆಟ್ಟಿಲ್ಲ, ಪ್ರವೇಶದ ಕಟ್ಟುಪಾಡಿಲ್ಲ. ವಿದ್ಯಾರ್ಥಿಯ ಪಕ್ಕದಲ್ಲಿಯೇ ನಿವೃತ್ತ ಗುಮಾಸ್ತರೂ ಕುಳಿತು ಕೇಳಬಹುದು. 1965ರಲ್ಲಿ ಜಯನಗರದಲ್ಲಿ ಇನ್ನೊಂದು ನ್ಯಾಷನಲ್ ಕಾಲೇಜು ತಲೆಯೆತ್ತಿತು. ಬಡಾವಣೆಯಾಗಿ ಆಗಷ್ಟೇ ಬೆಳೆಯುತ್ತಿದ್ದ ಆ ಪ್ರದೇಶದ ಮಕ್ಕಳಿಗೆ ಪದವಿಯ ಬಾಗಿಲು ಮನೆಯ ಹತ್ತಿರವೇ ತೆರೆಯಿತು.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಅಧಿಕಾರ ಬಂದಾಗಲೂ ವಾಸ ಬದಲಾಗಲಿಲ್ಲ. ಹಾಸ್ಟೆಲಿನ ಕೋಣೆಯೇ ಸಾಕಾಯಿತು. 1976ರಲ್ಲಿ, ಪವಾಡಗಳೆಂದು ಹೆಸರಾದುವನ್ನು ವಿಜ್ಞಾನದ ರೀತಿಯಲ್ಲಿ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿ, ದೇಶವೆಲ್ಲ ಚರ್ಚಿಸುವಂತೆ ಮಾಡಿದರು. ಬೈಗಳೂ ಬಂದುವು, ಮೆಚ್ಚುಗೆಯೂ ಬಂದಿತು. ಪ್ರಶ್ನೆ ಕೇಳುವುದನ್ನು ವಿದ್ಯಾರ್ಥಿಗೆ ಕಲಿಸಿದವರು ಸ್ವತಃ ಪ್ರಶ್ನಿಸಲು ಹಿಂಜರಿದರೆ ಹೇಗೆ? ಪದ್ಮಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂದಿತು. ‘ತೆರೆದ ಮನ’ ಎಂಬ ಅವರ ಪುಸ್ತಕದ ಹೆಸರೇ ಅವರ ಸ್ವಭಾವವನ್ನು ತಿಳಿಸುತ್ತದೆ.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸನ್ನು ಹೆಚ್ಚು ಹಿಡಿದುದು ಬೇರೊಂದು ಸಂಗತಿ. ತಮ್ಮನ್ನು ಓದಿಸಿದ ಸಂಸ್ಥೆಯ ಅಧ್ಯಕ್ಷರೂ ಆದ ಅವರು ಬೆಂಗಳೂರಿನ ಕೆಲಸದಲ್ಲಿಯೇ ತೃಪ್ತರಾಗಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಸಂಸ್ಥೆಯ ಕಾಲೇಜುಗಳೂ ಹುಟ್ಟೂರು ಹೊಸೂರಿನಲ್ಲಿ ಹೈಸ್ಕೂಲೂ ನಡೆಯುವಂತಾಯಿತು. ತಾನು ನಡೆದು ಬಂದ ದಾರಿಯನ್ನು ಇನ್ನೊಬ್ಬ ಹುಡುಗ ನಡೆಯದಿರಲಿ ಎಂಬುದೇ ಇದರ ಅರ್ಥವಲ್ಲವೆ? ಋಣವನ್ನು ಕೊಟ್ಟವರಿಗೇ ಹಿಂದಿರುಗಿಸುವುದು ಒಂದು ಬಗೆ. ನಮ್ಮ ಹಿಂದೆ ಬರುವವರಿಗೆ ಅದನ್ನು ಸಲ್ಲಿಸುವುದು ಇನ್ನೊಂದು ಬಗೆ. ನರಸಿಂಹಯ್ಯನವರು ಎರಡನ್ನೂ ಮಾಡಿದರು.

2005ರ ಜನವರಿ 31ರಂದು ಅವರು ಕಾಲವಾದರು. ಇಂದು ಜಯನಗರದ ಏಳನೆಯ ಬ್ಲಾಕಿನಲ್ಲಿ ಅವರ ಹೆಸರಿನ ಕಲಾಕ್ಷೇತ್ರವಿದೆ. ಬಸವನಗುಡಿಯಲ್ಲಿ ಮೆಟ್ರೋ ರೈಲು ನಿಲ್ಲುವ ನಿಲ್ದಾಣಕ್ಕೆ ಅವರ ಕಾಲೇಜಿನ ಹೆಸರಿದೆ. ಅಲ್ಲಿ ಇಳಿಯುವ ಸಾವಿರಾರು ಜನರಲ್ಲಿ ಹಳ್ಳಿಯಿಂದ ಚೀಲ ಹೊತ್ತು ಬಂದವರೂ ಇರುತ್ತಾರೆ.

ಎಲ್ಲರೂ ಅವರಂತೆ ಬಾಳಲು ಸಾಧ್ಯವೆ ಎಂದು ಮಿತ್ರರು ಕೇಳಬಹುದು. ಸಾಧ್ಯವಿಲ್ಲ. ನಮ್ಮ ಮನೆಯಲ್ಲಿ ಪದವಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ಮೊದಲ ಸಂಬಳಕ್ಕೆ ಮನೆಯಲ್ಲಿ ಆಗಲೇ ಹತ್ತು ದಾರಿಗಳು ಕಾದಿವೆ. ತಂಗಿಯ ಓದು, ತಂದೆಯ ಸಾಲ ಮರೆತು ಸಂಸ್ಥೆಗೆ ಬಾಳನ್ನು ಮುಡಿಪಿಡೆಂದು ನಮಗೆ ಯಾರೂ ಹೇಳಲಾರರು. ಆದರೆ ಪರೀಕ್ಷೆಯ ಶುಲ್ಕ ಕಟ್ಟಲಾರದ ಒಬ್ಬನಿಗೆ ಆ ಹಣ ಕೊಡುವುದಕ್ಕೆ, ಇಂಗ್ಲಿಷಿಗೆ ಹೆದರುವ ಹೊಸಬರಿಗೆ ಭಾನುವಾರ ಒಂದು ಗಂಟೆ ಪಾಠ ಹೇಳುವುದಕ್ಕೆ, ಓದಿ ಮುಗಿಸಿದ ಪುಸ್ತಕಗಳನ್ನು ಹಳೆಯ ಪೇಪರಿನವನಿಗೆ ತೂಗದೆ ಕಾಲೇಜಿಗೆ ತಂದಿಡುವುದಕ್ಕೆ ಸಂನ್ಯಾಸ ಬೇಕಾಗಿಲ್ಲ. ಈ ವರ್ಷ ಕಾಲೇಜನ್ನು ಬಿಡುವ ನಾವು ಹಳೆಯ ವಿದ್ಯಾರ್ಥಿಗಳ ಪಟ್ಟಿಗೆ ಸೇರುತ್ತೇವೆ. ಆ ಪಟ್ಟಿಯಲ್ಲಿ ಬರಿಯ ಹೆಸರಾಗಿ ಉಳಿಯಬೇಕೆ ಎಂಬುದನ್ನು, ಬೀಳ್ಕೊಡುಗೆಯ ಹಾರ ಬಾಡುವ ಮುನ್ನವೇ ನಾವು ಯೋಚಿಸುವುದು ಒಳ್ಳೆಯದು.