ರಕ್ತಕಣಗಳಿಗೆ ಬಣ್ಣವಿತ್ತ ಪಾಲ್ ಎರ್ಲಿಕ್

ರಕ್ತಪರೀಕ್ಷೆಯೆಂದರೆ ಈಗ ಬಹುಮಟ್ಟಿಗೆ ಯಂತ್ರದ ಕೆಲಸ. ಪುಟ್ಟ ಸೀಸೆಯೊಂದರಲ್ಲಿ ರಕ್ತವನ್ನಿಟ್ಟರೆ ಕೆಂಪು ಕಣಗಳೆಷ್ಟು, ಬಿಳಿಯ ಕಣಗಳೆಷ್ಟು, ಬಿಳಿಯವುಗಳಲ್ಲಿ ಯಾವ ಜಾತಿಯವು ನೂರಕ್ಕೆಷ್ಟು ಎಂಬ ಲೆಕ್ಕವೆಲ್ಲ ಕೆಲವೇ ನಿಮಿಷಗಳಲ್ಲಿ ಅಚ್ಚಾಗಿ ಹೊರಬರುತ್ತದೆ. ಆದರೆ ಬಿಳಿಯ ಕಣಗಳಲ್ಲಿ ಇಂತಹ ಜಾತಿಭೇದವುಂಟೆಂದು ಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟವನು ಪಾಲ್ ಎರ್ಲಿಕ್. ಸಿಫಿಲಿಸ್ ರೋಗಕ್ಕೆ ಮದ್ದು ಕಂಡುಹಿಡಿದವನೆಂದು ಈತನ ಹೆಸರನ್ನು ನಾವೆಲ್ಲ ಓದಿದ್ದೇವೆ. ನನಗಾದರೋ ಆತನು ಇಪ್ಪತ್ತೈದರ ಹರೆಯದಲ್ಲಿ ಮಾಡಿದ ಈ ಕೆಲಸವೇ ಹೆಚ್ಚಿನದೆಂದು ತೋರುತ್ತದೆ.

ಎರ್ಲಿಕ್ಕನು 1854ನೆಯ ಮಾರ್ಚ್ 14ರಂದು ಸೈಲೀಸಿಯದ ಸ್ಟ್ರೇಲೆನ್ ಎಂಬ ಸಣ್ಣ ಊರಿನಲ್ಲಿ ಒಂದು ಯೆಹೂದಿ ಮನೆತನದಲ್ಲಿ ಜನಿಸಿದನು. ಆಗ ಪ್ರಷ್ಯಕ್ಕೆ ಸೇರಿದ್ದ ಆ ಊರು ಈಗ ಪೋಲೆಂಡಿನಲ್ಲಿದೆ. ತಾಯಿಯ ಕಡೆಯ ಬಂಧುವಾದ ಕಾರ್ಲ್ ವೈಗರ್ಟ್ ಎಂಬ ರೋಗಶಾಸ್ತ್ರಜ್ಞನು ಅಂಗಾಂಶಗಳಿಗೆ ಅನಿಲೀನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದನು. ಅದನ್ನು ಕಂಡ ಹುಡುಗನಿಗೆ ಆ ಹುಚ್ಚು ಹಿಡಿಯಿತು. ಬ್ರೆಸ್ಲಾವ್, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಸಿಗ್ ಎಂದು ನಾಲ್ಕು ವಿಶ್ವವಿದ್ಯಾನಿಲಯಗಳನ್ನು ಸುತ್ತಿದರೂ ಗೊತ್ತಾದ ಪಾಠಗಳಿಗಿಂತ ಬಣ್ಣದ ಬಾಟಲಿಗಳೇ ಅವನಿಗೆ ಪ್ರಿಯವಾಗಿದ್ದುವು. ಕುಳಿತ ಮೇಜೆಲ್ಲ ಬಣ್ಣದ ಕಲೆ. ಜರ್ಮನಿಯ ಕಾರ್ಖಾನೆಗಳು ಬಟ್ಟೆಗಾಗಿ ತಯಾರಿಸುತ್ತಿದ್ದ ಬಣ್ಣಗಳಿವು! ಒಂದು ಬಣ್ಣ ಕಣದ ಒಂದು ಭಾಗವನ್ನೇ ಹಿಡಿದು ಇನ್ನೊಂದನ್ನು ಬಿಡುವುದೇಕೆ? ಅದು ರಸಾಯನ ಸಂಬಂಧದಿಂದಲೇ ಆಗಬೇಕೆಂದು ಅವನು ಬಗೆದನು. 1878ರಲ್ಲಿ ಲೈಪ್‌ಸಿಗ್‌ನಲ್ಲಿ ಡಾಕ್ಟರ್ ಪದವಿಗೆ ಬರೆದ ಪ್ರಬಂಧವೂ ಬಣ್ಣ ಹಾಕುವ ವಿಷಯವೇ.

ಅದೇ ವರ್ಷ ಬರ್ಲಿನ್ನಿನ ಶಾರಿಟೇ ಆಸ್ಪತ್ರೆಗೆ ಸೇರಿದನು. ಅಲ್ಲಿನ ಮುಖ್ಯ ವೈದ್ಯನಾದ ಫ್ರೆರಿಕ್ಸನು ಈ ತರುಣನನ್ನು ತನ್ನಿಚ್ಛೆಯಂತೆ ದುಡಿಯಲು ಬಿಟ್ಟನು. ಬಿಳಿಯ ಕಣಗಳು ವಿಪರೀತವಾಗಿ ಹೆಚ್ಚುವ ರೋಗವನ್ನು ವಿರ್ಕೋ ಎಂಬಾತನು 1845ರಲ್ಲಿಯೇ ವರ್ಣಿಸಿ ಅನಂತರ ಲ್ಯುಕೇಮಿಯ ಎಂದು ಹೆಸರಿಟ್ಟಿದ್ದನು. ಆದರೆ ಹಸಿಯ ರಕ್ತದಲ್ಲಿ ಆ ಕಣಗಳು ನೀರಿನ ಹನಿಗಳಂತೆ ಮಂಕಾಗಿ ಕಾಣುತ್ತವೆ. ಒಂದರಿಂದ ಒಂದನ್ನು ಬೇರ್ಪಡಿಸುವುದು ಕಷ್ಟ. ಎರ್ಲಿಕ್ಕನು ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ಒಣಗಿಸಿ, ಬಿಸಿ ಮಾಡಿದ ತಾಮ್ರದ ತಗಡಿನ ಮೇಲಿಟ್ಟು ಹದಗೊಳಿಸಿ, ಬಳಿಕ ಬಣ್ಣಕ್ಕೆ ಹಾಕಿದನು. ಕಣದೊಳಗಿನ ಸಣ್ಣ ಹರಳುಗಳು ಬೇರೆ ಬೇರೆ ಬಣ್ಣಗಳನ್ನು ಹಿಡಿದುವು. ಆಮ್ಲಗುಣದ ಇಯೊಸಿನ್ ಬಣ್ಣವನ್ನು ಹಿಡಿದವು ಇಯೊಸಿನೊಫಿಲ್. ಕ್ಷಾರಗುಣದ ಬಣ್ಣವನ್ನು ಹಿಡಿದವು ಬೇಸೊಫಿಲ್. ಎರಡರ ಮಿಶ್ರಣವನ್ನು ಹಿಡಿದವು ನ್ಯೂಟ್ರೊಫಿಲ್. 1879 ಮತ್ತು 1880ರಲ್ಲಿ ಇವೆಲ್ಲ ಪ್ರಕಟವಾದುವು. ನಮ್ಮ ಹಳ್ಳಿಗಳಲ್ಲಿಯೂ ಕೆಮ್ಮು ದಮ್ಮು ಬಂದವರು ತಮಗೆ ‘ಇಸ್ನೋಫಿಲಿಯ’ ಎಂದು ಹೇಳಿಕೊಳ್ಳುವುದುಂಟು. ಆ ಮಾತಿನ ಬೇರು ಇಲ್ಲಿದೆ.

ಇದು ಬರಿಯ ನಾಮಕರಣವಲ್ಲ. ಲ್ಯುಕೇಮಿಯದಲ್ಲಿ ಹೆಚ್ಚಿದ ಕಣಗಳು ಮಜ್ಜೆಯ ಹರಳುಗಣ ಜಾತಿಯವೋ ದುಗ್ಧಗ್ರಂಥಿಯ ಜಾತಿಯವೋ ಎಂದು ಬೇರ್ಪಡಿಸಲು ಇದರಿಂದ ದಾರಿಯಾಯಿತು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000ದವರೆಗೆ ಬಿಳಿಯ ಕಣಗಳಿದ್ದರೆ ಸರಿಯೆನ್ನುತ್ತಾರೆ. ಆದರೆ ಎಣಿಕೆ ಸರಿಯಾಗಿದ್ದೂ ಅದರೊಳಗೆ ಬಲಿಯದ ಕೆಟ್ಟ ಕಣಗಳು ಅಡಗಿರಬಹುದು. ಅಮೆರಿಕದ ವಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಉಪಾಯದಲ್ಲಿ, ಸಣ್ಣ ರಂಧ್ರದ ಮೂಲಕ ಕಣವೊಂದು ದಾಟುವಾಗ ವಿದ್ಯುತ್ತಿಗೆ ಉಂಟಾಗುವ ಅಡ್ಡಿಯಿಂದ ಎಣಿಕೆಯೂ ಗಾತ್ರವೂ ತಿಳಿಯುತ್ತಿತ್ತು, ಜಾತಿ ತಿಳಿಯುತ್ತಿರಲಿಲ್ಲ. ಜಾತಿ ತಿಳಿಯಬೇಕಾದಾಗ 1970ರ ದಶಕದ ಕೆಲವು ಯಂತ್ರಗಳು ಮತ್ತೆ ಬಣ್ಣದ ಮೊರೆಹೊಕ್ಕುವು. ಈಗಿನವುಗಳಲ್ಲಿ ಲೇಸರ್ ಬೆಳಕೂ ಹೊಳೆಯುವ ಬಣ್ಣಗಳೂ ಇವೆ. ಇಷ್ಟಾದರೂ ವಿಚಿತ್ರವಾದ ಕಣ ಕಂಡರೆ ಯಂತ್ರವು ಸಂಶಯದ ಗುರುತನ್ನಷ್ಟೇ ಹಾಕುತ್ತದೆ. ಆಗ ಪ್ರಯೋಗಶಾಲೆಯವರು ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆಳೆದು, ನಮ್ಮ ದೇಶದಲ್ಲಾದರೆ ಸಾಮಾನ್ಯವಾಗಿ ಲೀಷ್‌ಮನ್ ಬಣ್ಣ ಹಾಕಿ, ಕಣ್ಣಾರೆ ನೋಡುತ್ತಾರೆ. ಆ ಬಣ್ಣದಲ್ಲಿಯೂ ಇಯೊಸಿನ್ ಇದೆ.

ರೋಗವನ್ನು ಗುರುತಿಸಬಲ್ಲೆ, ಗುಣಪಡಿಸಲಾರೆ. ಲ್ಯುಕೇಮಿಯದ ಮುಂದೆ ಎರ್ಲಿಕ್ಕನ ಸ್ಥಿತಿ ಇದಾಗಿತ್ತು. 1882ರಲ್ಲಿ ಕಾಖನು ಕ್ಷಯದ ಕ್ರಿಮಿಯನ್ನು ತೋರಿಸಿದಾಗ ಅದಕ್ಕೆ ಉತ್ತಮವಾಗಿ ಬಣ್ಣ ಹಾಕುವ ಕ್ರಮವನ್ನು ಇವನೇ ಕಂಡುಕೊಂಡನು. ಕೆಲವೇ ವರ್ಷಗಳಲ್ಲಿ ತನ್ನ ಕಫದಲ್ಲಿಯೇ ಆ ಕ್ರಿಮಿಯನ್ನು ಕಾಣಬೇಕಾಯಿತು. 1888ರಲ್ಲಿ ಹೆಂಡತಿ ಹೆಡ್ವಿಗಳೊಡನೆ ಈಜಿಪ್ಟಿಗೆ ಹೋಗಿ ಚೇತರಿಸಿಕೊಂಡು ಬಂದನು. ಬಣ್ಣವು ಒಂದೇ ಬಗೆಯ ಕಣವನ್ನು ಹುಡುಕಿ ಹಿಡಿಯಬಲ್ಲುದಾದರೆ ಮದ್ದೇಕೆ ಹಿಡಿಯಬಾರದು ಎಂಬ ಯೋಚನೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ರೋಗರಕ್ಷಣೆಯ ಸಂಶೋಧನೆಗಾಗಿ 1908ರಲ್ಲಿ ಮೆಚ್ನಿಕಾಫನೊಡನೆ ನೊಬೆಲ್ ಪಾರಿತೋಷಕ ಬಂದಿತು. ಮರುವರ್ಷ ಫ್ರಾಂಕ್‌ಫರ್ಟಿನಲ್ಲಿ ಜಪಾನಿನ ಹಾತನು ಅವನ 606ನೆಯ ಸಂಯುಕ್ತವನ್ನು ಪರೀಕ್ಷಿಸಿ ಗೆದ್ದನು. 1910ರಲ್ಲಿ ಅದು ಸಾಲ್ವರ್ಸಾನ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಲ್ಯುಕೇಮಿಯಕ್ಕೆ ಮಾತ್ರ ಮದ್ದು ದೊರೆಯಲಿಲ್ಲ. ಆ ರೋಗದ ಮಕ್ಕಳಲ್ಲಿ ಮದ್ದಿನಿಂದ ತಾತ್ಕಾಲಿಕ ಉಪಶಮನವಾದುದನ್ನು ಸಿಡ್ನಿ ಫಾರ್ಬರ್ ಪ್ರಕಟಿಸಿದ್ದು 1948ರಲ್ಲಿ.

1915ರ ಆಗಸ್ಟ್ 20ರಂದು ಎರ್ಲಿಕ್ಕನು ತೀರಿಕೊಂಡನು. ನಾಜಿಗಳ ಕಾಲದಲ್ಲಿ ಫ್ರಾಂಕ್‌ಫರ್ಟಿನ ಬೀದಿಯೊಂದಕ್ಕಿದ್ದ ಅವನ ಹೆಸರನ್ನು ಅಳಿಸಲಾಯಿತು. ಹೆಡ್ವಿಗಳು ದೇಶ ಬಿಟ್ಟು ಹೋಗಿ 1948ರಲ್ಲಿ ಅಮೆರಿಕದಲ್ಲಿ ಮಡಿದಳು. ಯುದ್ಧ ಮುಗಿದ ಮೇಲೆ ಬೀದಿಗೆ ಹಳೆಯ ಹೆಸರು ಮರಳಿತು.